ಅಂಗಡಿಮುಖದ ಚಿತ್ರ ಮತ್ತು ಮಾತು: ಸ್ವತಂತ್ರ ವಿಡಿಯೋ ಆಟಗಳ ಪ್ರಚಾರರೂಪವನ್ನು ಕೊಪ್ಪಳ ಸೀಮೆಯ ಕಲೆಗಳ ನೆಲೆಯಿಂದ ಒರೆಹಚ್ಚುವ ಒಂದು ಪ್ರಯತ್ನ

ಕಲೆಯೊಂದು ತನ್ನ ನೋಡುಗನನ್ನು ಮೊದಲು ಭೇಟಿಯಾಗುವುದು ರಂಗದ ಮೇಲಲ್ಲ, ರಂಗದ ಹೊರಗೆ. ಕುಷ್ಟಗಿಯ ಅಥವಾ ಯಲಬುರ್ಗಾದ ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವ ನಾಟಕದ ಹ್ಯಾಂಡ್‌ಬಿಲ್ಲು, ಜಾತ್ರೆಯ ದಾರಿಯಲ್ಲಿ ನಿಲ್ಲಿಸಿದ ಬಣ್ಣದ ಬೋರ್ಡು, ಧ್ವನಿವರ್ಧಕ ಕಟ್ಟಿದ ವಾಹನದಿಂದ ಹೊರಡುವ ಕೂಗು ಇವೆಲ್ಲ ಆ ಮೊದಲ ಭೇಟಿಯ ರೂಪಗಳು. ಇವುಗಳನ್ನು ಕಲೆಯ ಅಂಗವೆಂದು ಪರಿಗಣಿಸುವ ರೂಢಿ ವಿಮರ್ಶೆಯಲ್ಲಿ ಕಡಿಮೆ. ನಾಟಕದ ಪಠ್ಯ, ಅಭಿನಯ, ಸಂಗೀತಗಳ ಬಗೆಗೆ ಸಾಕಷ್ಟು ಚರ್ಚೆ ನಡೆದಿದ್ದರೂ ಅದಕ್ಕೆ ಜನರನ್ನು ಕರೆತಂದ ಕಾಗದದ ತುಂಡಿನ ಬಗೆಗೆ ನಡೆದಿರುವ ಚರ್ಚೆ ಅಲ್ಪ. ಆದರೆ ಕರೆಯುವ ಮಾತು ಸುಳ್ಳಾದರೆ ಬಂದವನು ಮರಳಿ ಬಾರನೆಂಬುದನ್ನು ನಾಟಕ ಕಂಪನಿಗಳ ಮಾಲೀಕರು ವಿಮರ್ಶಕರಿಗಿಂತ ಚೆನ್ನಾಗಿ ಅರಿತಿದ್ದರು.

ಇದೇ ಪ್ರಶ್ನೆ ಇಂದು ಬೇರೊಂದು ಮಾಧ್ಯಮದಲ್ಲಿ ಎದುರಾಗಿದೆ. ದೊಡ್ಡ ಬಂಡವಾಳದ ನೆರವಿಲ್ಲದೆ ಕೆಲವೇ ಜನ ಸೇರಿ ಕಟ್ಟುವ ಸ್ವತಂತ್ರ ವಿಡಿಯೋ ಆಟಗಳು ಮಾರಾಟವಾಗುವುದು ಸ್ಟೀಮ್‌ನಂತಹ ಗಣಕಜಾಲದ ಅಂಗಡಿಗಳಲ್ಲಿ. ಅಲ್ಲಿ ಪ್ರತಿ ಆಟಕ್ಕೂ ದೊರೆಯುವುದು ಹೆಬ್ಬೆರಳಿನಗಲದ ಒಂದು ಚಿತ್ರ ಮತ್ತು ಸುಮಾರು ಮುನ್ನೂರು ಅಕ್ಷರಗಳ ಒಂದು ಕಿರು ವಿವರಣೆ. ವರ್ಷಗಟ್ಟಲೆ ದುಡಿದು ಮಾಡಿದ ಕೃತಿಯ ಭವಿಷ್ಯ ಈ ಎರಡರ ಮೇಲೆ ನಿಂತಿರುತ್ತದೆ. ಭಾರತದ ಪುರಾಣ, ಇತಿಹಾಸ, ಶಿಲ್ಪಗಳನ್ನು ವಸ್ತುವಾಗಿ ಉಳ್ಳ ಆಟಗಳು ಈಚಿನ ಎರಡು ದಶಕಗಳಲ್ಲಿ ಕಾಣಿಸಿಕೊಂಡಿರುವುದರಿಂದ, ಅವುಗಳ ಅಂಗಡಿಮುಖವನ್ನು ಯಾವ ಮಾನದಂಡದಿಂದ ಅಳೆಯಬೇಕೆಂಬುದು ಕನ್ನಡದ ಕಲಾವಿಮರ್ಶೆಗೂ ಸಂಬಂಧಿಸಿದ ವಿಷಯವಾಗಿದೆ. ಮಾರಾಟಗಾರರ ಮಾನದಂಡ ಒಂದೇ: ಎಷ್ಟು ಜನ ಚಿತ್ರವನ್ನು ಒತ್ತಿದರು ಎಂಬುದು. ಅದರಾಚೆಗೆ ಬೇರೆ ಅಳತೆಗೋಲುಗಳು ಸಾಧ್ಯವೆಂಬುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮೂರು ಕಲಾರೂಪಗಳ ಮೂಲಕ ತೋರಿಸಬಹುದು. ಅವು ಮೋರನಾಳದ ತೊಗಲುಗೊಂಬೆ, ಕಿನ್ನಾಳದ ಬಣ್ಣದ ಕಟ್ಟಿಗೆ ಕೆಲಸ ಹಾಗೂ ಹಳ್ಳಿಯ ನಾಟಕದ ಹ್ಯಾಂಡ್‌ಬಿಲ್ಲು.

1. ಚಿಕ್ಕದರಲ್ಲಿ ಗುರುತು

ಸ್ಟೀಮ್ ಅಂಗಡಿಯಲ್ಲಿ ಆಟದ ಮುಖ್ಯ ಗುರುತಿನ ಚಿತ್ರದ ಅಳತೆ ಬಹುಕಾಲ 460 ಚುಕ್ಕಿ ಅಗಲ, 215 ಚುಕ್ಕಿ ಎತ್ತರವಾಗಿತ್ತು. ಪಟ್ಟಿಗಳಲ್ಲಿ ಕಾಣುವ ಚಿಕ್ಕ ರೂಪದ ಅಳತೆ 231ಕ್ಕೆ 87. ಈಚೆಗೆ ಪರದೆಗಳು ಸೂಕ್ಷ್ಮವಾದಂತೆ ಈ ಅಳತೆಗಳನ್ನು ಇಮ್ಮಡಿಗೊಳಿಸಿದ್ದರೂ ಕಣ್ಣಿಗೆ ಕಾಣುವ ಗಾತ್ರ ಹೆಚ್ಚು ಬದಲಾಗಿಲ್ಲ. ಈ ಇಕ್ಕಟ್ಟಿನಲ್ಲಿ ಹೊಸಬರಾದ ಚಿತ್ರಕಾರರು ಸಾಮಾನ್ಯವಾಗಿ ಮಾಡುವ ತಪ್ಪು ಒಂದು. ದೊಡ್ಡ ಭಿತ್ತಿಚಿತ್ರವನ್ನು ಬರೆದು ಅದನ್ನು ಕುಗ್ಗಿಸುತ್ತಾರೆ. ಕೋಟೆ, ಕಾಡು, ಆಕಾಶ, ನಾಯಕ, ಶತ್ರು, ಮಿಂಚು ಎಲ್ಲವೂ ಇದ್ದು ಯಾವುದೂ ಕಾಣುವುದಿಲ್ಲ.

ತೊಗಲುಗೊಂಬೆ ಮಾಡುವವರು ಈ ಸಮಸ್ಯೆಯನ್ನು ಶತಮಾನಗಳ ಹಿಂದೆಯೇ ಬಿಡಿಸಿದ್ದರು. ಹದಮಾಡಿದ ಆಡಿನ ತೊಗಲನ್ನು ಪಾರದರ್ಶಕವಾಗುವಷ್ಟು ತೆಳುಗೊಳಿಸಿ, ಹೊರರೇಖೆ ಕತ್ತರಿಸಿ, ಒಡವೆ-ಅಂಚುಗಳಿರುವೆಡೆ ಉಳಿಯಿಂದ ರಂಧ್ರ ಕೊರೆದು, ಬಣ್ಣ ತುಂಬುವುದು ಅದರ ಕ್ರಮ. ಹಿಂದೆ ಎಣ್ಣೆದೀಪದ, ಈಗ ವಿದ್ಯುದ್ದೀಪದ ಬೆಳಕು ತೊಗಲನ್ನು ಹಾಯ್ದು ಬಿಳಿಯ ಪರದೆಯ ಮೇಲೆ ಬೀಳುತ್ತದೆ. ರಾತ್ರಿಯ ಹೊತ್ತು ದೂರದಲ್ಲಿ ಕುಳಿತವನಿಗೆ ಪರದೆಯ ಮೇಲಿನ ರಾಮನೂ ಹೆಬ್ಬೆರಳಿನಷ್ಟೇ ಕಾಣುತ್ತಾನೆ. ಆದುದರಿಂದ ಗೊಂಬೆಯ ಮುಖ ಬಹುಮಟ್ಟಿಗೆ ಪಕ್ಕನೋಟದಲ್ಲಿರುತ್ತದೆ. ಕಣ್ಣು ಅಳತೆ ಮೀರಿ ದೊಡ್ಡದಾಗಿರುತ್ತದೆ. ಕಿರೀಟದ ಆಕಾರ, ಮೀಸೆಯ ಬಾಗು, ಮೈಯ ಬಣ್ಣಗಳಿಂದಲೇ ಪಾತ್ರ ಇಂಥದೆಂದು ತಿಳಿಯುತ್ತದೆ. ಅರಸ ದೊಡ್ಡವನು, ಸೇವಕ ಚಿಕ್ಕವನು. ಇಲ್ಲಿ ಗಾತ್ರವೂ ಅರ್ಥವನ್ನು ಹೇಳುತ್ತದೆ. ಬೆಳಕು ಎಲ್ಲಿ ತೂರಬೇಕು, ಎಲ್ಲಿ ತಡೆಯಬೇಕು ಎಂಬ ನಿರ್ಧಾರವೇ ಇಡೀ ಕಲೆ. ಕಡಿಮೆ ಮಾಡುವುದು ಇಲ್ಲಿ ಬಡತನದ ಗುರುತಲ್ಲ, ನೋಡುಗನ ದೂರವನ್ನು ಗೌರವಿಸುವ ವಿಧಾನ.

ಈ ಪರಂಪರೆಯಲ್ಲಿ ಇನ್ನೊಂದು ಬಗೆಯ ಗೊಂಬೆಯುಂಟು. ಒಂದೇ ತೊಗಲಿನಲ್ಲಿ ಒಂದು ಪ್ರಸಂಗವನ್ನೇ ಅಡಕಗೊಳಿಸುವ ದೃಶ್ಯಗೊಂಬೆ ಅದು. ರಾವಣನ ಒಡ್ಡೋಲಗ, ರಾಮಪಟ್ಟಾಭಿಷೇಕ ಮೊದಲಾದವು ಹೀಗೆ ರೂಪುಗೊಳ್ಳುತ್ತವೆ. ಹಲವು ವ್ಯಕ್ತಿಗಳಿದ್ದರೂ ಗೊಂದಲವಾಗದಂತೆ ಅಲ್ಲಿ ಸಂಬಂಧವೊಂದು ಎದ್ದು ನಿಲ್ಲುತ್ತದೆ: ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಾರು ಬಾಗಿದ್ದಾರೆ. ಎಂ.ಎಸ್. ನಂಜುಂಡರಾಯರು ಸಂಗ್ರಹಿಸಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಉಳಿಸಿದ ತೊಗಲುಗೊಂಬೆಗಳನ್ನು ನೋಡಿದವರಿಗೆ ಈ ಮಾತು ಸ್ಪಷ್ಟವಾಗುತ್ತದೆ. ಆಟದ ಅಂಗಡಿಚಿತ್ರವೂ ಇದೇ ಎರಡು ದಾರಿಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಒಂದು ಒಬ್ಬನನ್ನು ತೋರಿಸುವುದು, ಇನ್ನೊಂದು ಒಂದು ಸಂಬಂಧವನ್ನು ತೋರಿಸುವುದು. ಇವೆರಡನ್ನೂ ಬಿಟ್ಟು ಕೇವಲ ವಾತಾವರಣ ತೋರಿಸುವ ಚಿತ್ರ ಚಿಕ್ಕ ಗಾತ್ರದಲ್ಲಿ ಸೋಲುತ್ತದೆ.

ಕಿನ್ನಾಳದ ಚಿತ್ರಗಾರರ ಕೆಲಸ ಇದಕ್ಕೆ ಪೂರಕವಾದ ಇನ್ನೊಂದು ಪಾಠವನ್ನು ಹೇಳುತ್ತದೆ. ಹಗುರ ಕಟ್ಟಿಗೆಯ ತುಂಡುಗಳನ್ನು ಜೋಡಿಸಿ, ಗೋಣಿನಾರು, ಕಟ್ಟಿಗೆಪುಡಿ, ಹುಣಸೆಬೀಜದ ಅಂಟು ಸೇರಿದ ಕಿಟ್ಟದಿಂದ ಸಂದು ಮುಚ್ಚಿ, ಹರಳಿನ ಪುಡಿ ಮತ್ತು ಗೋಂದಿನ ಮಿಶ್ರಣದಿಂದ ಒಡವೆಗಳನ್ನು ಉಬ್ಬಿಸಿ, ಕೊನೆಗೆ ಹೊಳೆಯುವ ಬಣ್ಣ ಕೊಡುವುದು ಅವರ ಪದ್ಧತಿ. ಇಲ್ಲಿ ಬಣ್ಣ ಮೇಲಿನ ಲೇಪವಾದರೂ ಉಬ್ಬು ಒಳಗಿನಿಂದ ಬಂದದ್ದು. ಒಳಗಿಲ್ಲದ ಒಡವೆಯನ್ನು ಬಣ್ಣವೊಂದರಿಂದಲೇ ಹುಟ್ಟಿಸಲಾಗದು. ಅಂಗಡಿಚಿತ್ರಕ್ಕೂ ಇದೇ ನಿಯಮ. ಆಟದ ಒಳಗೆ ಎಲ್ಲೂ ಕಾಣದ ಶೈಲಿಯನ್ನು ಹೊರಗಿನ ಚಿತ್ರಕ್ಕೆ ಮಾತ್ರ ಹೊದಿಸಿದರೆ ಕೊಂಡವನು ಮೊದಲ ಗಳಿಗೆಯಲ್ಲೇ ಅದನ್ನು ಕಂಡುಹಿಡಿಯುತ್ತಾನೆ. ಅಂಗಡಿಯವರೂ ಈ ಬಗೆಗೆ ತಮ್ಮದೇ ಕಟ್ಟಳೆ ಮಾಡಿದ್ದಾರೆ. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್‌ನಲ್ಲಿ ಗುರುತಿನ ಚಿತ್ರದ ಮೇಲೆ ಆಟದ ಚಿತ್ರಕಲೆ, ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆಗಳ ಹೊರತು ಬೇರೇನೂ ಇರಕೂಡದೆಂಬ ನಿಯಮ ಜಾರಿಗೆ ಬಂದಿತು. ಅಲ್ಲಿಯವರೆಗೆ ಪ್ರಶಸ್ತಿಯ ಮುದ್ರೆ, ವಿಮರ್ಶೆಯ ಅಂಕ, ರಿಯಾಯಿತಿಯ ಕೂಗುಗಳು ಆ ಪುಟ್ಟ ಜಾಗದಲ್ಲಿ ಚಿತ್ರವನ್ನೇ ಮರೆಮಾಡುತ್ತಿದ್ದವು.

2. ಶೀರ್ಷಿಕೆ ಮತ್ತು 'ಅರ್ಥಾತ್'

ಉತ್ತರ ಕರ್ನಾಟಕದ ನಾಟಕಗಳ ಹ್ಯಾಂಡ್‌ಬಿಲ್ಲಿನಲ್ಲಿ ಶೀರ್ಷಿಕೆ ಅನೇಕ ವೇಳೆ ಇಬ್ಬಗೆಯದು. ಮೊದಲು ಒಂದು ಹೆಸರು, ನಡುವೆ 'ಅರ್ಥಾತ್' ಎಂಬ ಮಾತು, ಅನಂತರ ಮತ್ತೊಂದು ಹೆಸರು. ಒಂದು ಹೆಸರು ನೀತಿಯನ್ನು ಸೂಚಿಸಿದರೆ ಮತ್ತೊಂದು ಕುತೂಹಲವನ್ನು ಕೆರಳಿಸುತ್ತದೆ. ಅದರ ಕೆಳಗೆ ಸಾಮಾಜಿಕ, ಪೌರಾಣಿಕ, ಭಕ್ತಿಪ್ರಧಾನ, ಹಾಸ್ಯಭರಿತ ಎಂಬ ವರ್ಗಸೂಚಕ. ಇದು ಅಂಗಡಿಯ ಪುಟದಲ್ಲಿ ಆಟಕ್ಕೆ ಅಂಟಿಸುವ ವರ್ಗಚೀಟಿಗಳಿಗೆ ಸಮಾನವಾದುದು. ಈ ವ್ಯವಸ್ಥೆ ಗ್ರಾಮ್ಯವೆಂದು ತಳ್ಳಿಹಾಕುವಂತಹುದಲ್ಲ. ನೋಡುಗನೊಡನೆ ಮಾಡಿಕೊಳ್ಳುವ ಒಪ್ಪಂದವೊಂದು ಅದರಲ್ಲಿ ಅಡಗಿದೆ. 'ಪೌರಾಣಿಕ' ಎಂದು ಅಚ್ಚು ಹಾಕಿಸಿ ಪೌರಾಣಿಕವಲ್ಲದ್ದನ್ನು ಆಡಿದರೆ ಊರಿನ ಹಿರಿಯರು ರಂಗದ ಮುಂದೆಯೇ ಕೇಳುತ್ತಾರೆ.

ಈ ಹಿನ್ನೆಲೆಯಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ಸಂಸ್ಥೆ ಸಿದ್ಧಪಡಿಸಿದ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಎಂಬ ಆಟವನ್ನು ಪರಿಶೀಲಿಸಬಹುದು. 2020ರ ಆಗಸ್ಟ್ 18ರಂದು ನಿಂಟೆಂಡೊ ಸ್ವಿಚ್‌ನಲ್ಲಿ, ಅದೇ ವರ್ಷದ ಅಕ್ಟೋಬರ್ 15ರಂದು ಇತರ ಯಂತ್ರಗಳಲ್ಲಿ ಬಿಡುಗಡೆಯಾದ ಇದು ಭಾರತದ ಸ್ವತಂತ್ರ ಆಟಗಳಲ್ಲಿ ಹೊರದೇಶಗಳ ಗಮನ ಸೆಳೆದ ಪ್ರಮುಖ ಕೃತಿ. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಉತ್ತಮ ಚೊಚ್ಚಲ ಆಟದ ವಿಭಾಗಕ್ಕೆ ನಾಮಕರಣಗೊಂಡಿತ್ತು. ರಾಜಿ ಎಂಬ ಹುಡುಗಿ, ಅವಳ ತಮ್ಮ ಗೋಲು, ಅವನನ್ನು ಒಯ್ದ ಅಸುರಸೇನೆ, ಅದರ ಒಡೆಯ ಮಹಾಬಲಾಸುರ, ಕಥೆಯನ್ನು ನಿರೂಪಿಸುವ ದುರ್ಗೆ ಮತ್ತು ವಿಷ್ಣು: ಇಷ್ಟು ಕಥೆಯ ಚೌಕಟ್ಟು.

ಶೀರ್ಷಿಕೆಯ ಮೊದಲ ಭಾಗವಾದ 'ರಾಜಿ' ಎಲ್ಲ ದೃಷ್ಟಿಯಿಂದಲೂ ಯಶಸ್ವಿ. ಚಿಕ್ಕದು, ಉಚ್ಚಾರಕ್ಕೆ ಸುಲಭ, ಎಷ್ಟು ಕುಗ್ಗಿಸಿದರೂ ಓದಲು ಬರುತ್ತದೆ; ದೇವತೆಯ ಹೆಸರಲ್ಲದೆ ಮನೆಯ ಹುಡುಗಿಯ ಹೆಸರಾಗಿರುವುದರಿಂದ ಕಥೆ ಮನುಷ್ಯರದೆಂಬ ಸೂಚನೆಯನ್ನೂ ಕೊಡುತ್ತದೆ. ತೊಂದರೆ ಇರುವುದು 'ಅರ್ಥಾತ್' ಸ್ಥಾನದಲ್ಲಿ ನಿಂತ ಉಪಶೀರ್ಷಿಕೆಯಲ್ಲಿ. ಅದು ಈ ಕಥೆಯನ್ನು ಪ್ರಾಚೀನ ಮಹಾಕಾವ್ಯವೆಂದು ಕರೆಯುತ್ತದೆ. ಆದರೆ ರಾಜಿಯ ಕಥೆ ಯಾವ ಪ್ರಾಚೀನ ಕಾವ್ಯದಲ್ಲಿಯೂ ಇರುವುದಲ್ಲ. ಪುರಾಣದ ಸಾಮಗ್ರಿಯಿಂದ ಹೊಸದಾಗಿ ಹೆಣೆದದ್ದು. ಹೊಸದಾಗಿ ಹೆಣೆಯುವುದು ದೋಷವಲ್ಲ. ಬಯಲಾಟದ ಕವಿಗಳೂ ಪುರಾಣದ ಎಳೆ ಹಿಡಿದು ತಮ್ಮ ಪ್ರಸಂಗಗಳನ್ನು ಬೆಳೆಸಿದವರೇ. ಹೊಸದನ್ನು ಹಳೆಯದೆಂದು ಕರೆದರೆ ಮಾತ್ರ ತಪ್ಪು ಒಪ್ಪಂದವಾಗುತ್ತದೆ. ತಿಳಿಯದವನು ಇದನ್ನು ಭಾರತದ ಯಾವುದೋ ಮೂಲಗ್ರಂಥದ ರೂಪಾಂತರವೆಂದು ನಂಬುತ್ತಾನೆ. ತಿಳಿದವನಿಗೆ ಹೊಸ ಕಲ್ಪನೆಯ ಶ್ರೇಯಸ್ಸು ನಿರ್ಮಾಪಕರಿಗೆ ಸಲ್ಲದೆ ಹೋದುದು ಕಾಣುತ್ತದೆ. ಹೀಗೆ ಉಪಶೀರ್ಷಿಕೆ ತನ್ನ ಕೃತಿಗೇ ಅನ್ಯಾಯ ಮಾಡಿದೆ.

ಕಿರುವಿವರಣೆಯಲ್ಲೂ ಇದೇ ದೋಷ ಮುಂದುವರಿದಿದೆ. ಪ್ರಾಚೀನ ಭಾರತದಲ್ಲಿ ನಡೆಯುವ ಸಾಹಸದ ಆಟವೆಂದೂ, ಮನುಕುಲವನ್ನು ಕಾಯಲು ದೇವತೆಗಳು ರಾಜಿಯನ್ನು ಆರಿಸಿದ್ದಾರೆಂದೂ ಅದು ತಿಳಿಸುತ್ತದೆ. ಆದರೆ ಆಟದೊಳಗಿನ ಕೋಟೆ, ಜರೋಖ, ಮಹಲುಗಳು ಮಧ್ಯಕಾಲೀನ ರಾಜಸ್ಥಾನದ ವಾಸ್ತುವಿನಿಂದ ಬಂದವು. ಚಿತ್ರಶೈಲಿಗೆ ಪ್ರೇರಣೆಯಾದ ಪಹಾಡಿ ಚಿತ್ರಕಲೆ ಬೆಳೆದದ್ದು 17ರಿಂದ 19ನೆಯ ಶತಮಾನದ ನಡುವೆ. ಅಂದರೆ ಕಣ್ಣಿಗೆ ಕಾಣುವ ಕಾಲ ಒಂದು, ಮಾತು ಹೇಳುವ ಕಾಲ ಇನ್ನೊಂದು. 'ಪ್ರಾಚೀನ' ಎಂಬುದು ಇಲ್ಲಿ ಕಾಲಸೂಚಕವಲ್ಲ. ದೂರದ ಕೊಳ್ಳುಗನಿಗೆ ಬೇಕಾದ ಒಂದು ಪರಿಮಳ. ರಾಜಸ್ಥಾನವೆಂದು, ಪಹಾಡಿಯೆಂದು ಹೇಳಿದ್ದರೆ ಮಾತು ನಿಖರವಾಗುತ್ತಿದ್ದುದಲ್ಲದೆ ಹೆಚ್ಚು ಆಕರ್ಷಕವೂ ಆಗುತ್ತಿತ್ತು.

ಇದಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದಿದೆ. ಈ ಆಟದ ಕಥಾಭಾಗಗಳು ನೆರಳುಗೊಂಬೆಯ ರೀತಿಯಲ್ಲಿ ನಿರೂಪಿತವಾಗಿವೆ. ಅಕ್ಕ-ತಮ್ಮಂದಿರೂ ಮೇಳದಲ್ಲಿ ಆಟ ತೋರಿಸುವವರೇ. ಕೃತಿಯ ಹೃದಯ ತಮ್ಮನನ್ನು ಹುಡುಕುವ ಅಕ್ಕನ ತಳಮಳ. ಪ್ರಚಾರದ ಮಾತಿನಲ್ಲಿ ಮುಂದೆ ನಿಂತಿರುವುದು ಮಾತ್ರ ಮನುಕುಲದ ರಕ್ಷಣೆ, ದೈವದ ಆಯ್ಕೆ, ಆಯುಧ. ಮನುಕುಲವನ್ನು ಕಾಯುವ ಆಟಗಳು ಅಂಗಡಿಯಲ್ಲಿ ಅಸಂಖ್ಯವಾಗಿವೆ. ಗೊಂಬೆಯಾಟದ ತಮ್ಮನನ್ನು ಕಳೆದುಕೊಂಡ ಅಕ್ಕನ ಆಟ ಒಂದೇ ಇರಲು ಸಾಧ್ಯ. ತನ್ನಲ್ಲಿರುವ ವಿಶಿಷ್ಟವನ್ನು ಬಿಟ್ಟು ಎಲ್ಲರಲ್ಲಿರುವ ಸಾಮಾನ್ಯವನ್ನು ಕೂಗುವುದು ಪ್ರಚಾರದ ದೊಡ್ಡ ಸೋಲು.

ಹೋಲಿಕೆಗಾಗಿ 2023ರ ಜುಲೈ 31ರಂದು ಬಂದ 'ವೆಣ್ಬಾ' ಎಂಬ ಆಟವನ್ನು ನೋಡಬಹುದು. ಕೆನಡಾದ ವಿಸೈ ಗೇಮ್ಸ್ ಸಂಸ್ಥೆಯ ಈ ಕೃತಿ ತಮಿಳು ಕುಟುಂಬವೊಂದರ ಅಡುಗೆಮನೆಯ ಕಥೆ. 1980ರ ದಶಕದಲ್ಲಿ ಕುಟುಂಬದೊಡನೆ ಕೆನಡಾಕ್ಕೆ ವಲಸೆ ಹೋದ ಭಾರತದ ತಾಯಿಯಾಗಿ ಅಡುಗೆ ಮಾಡುವ ಆಟವಿದೆಂದು ಅದರ ವಿವರಣೆ ನೇರವಾಗಿ ಹೇಳುತ್ತದೆ. ದಶಕ ಇದೆ, ದೇಶ ಇದೆ, ತಾಯಿ ಇದ್ದಾಳೆ, ಒಲೆ ಇದೆ. ತಮಿಳಿನ ಛಂದೋರೂಪವೊಂದರ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಅದಕ್ಕೆ ಇಂಗ್ಲಿಷಿನ ಉಪಶೀರ್ಷಿಕೆಯನ್ನು ಹಚ್ಚದೆ ಬಿಟ್ಟ ಧೈರ್ಯವೂ ಗಮನಾರ್ಹ. 2024ರಲ್ಲಿ ಈ ಆಟ ಬಾಫ್ಟಾ ಚೊಚ್ಚಲ ಕೃತಿ ಪ್ರಶಸ್ತಿಯನ್ನು ಪಡೆಯಿತು. ನಿಖರವಾದ ಸ್ಥಳೀಯತೆ ದೂರದವರನ್ನು ಓಡಿಸುತ್ತದೆಂಬ ಭಯ ನಿರಾಧಾರವೆಂಬುದಕ್ಕೆ ಇದು ಸಾಕ್ಷಿ.

3. 'ಮರೆತುಹೋದ', 'ಕಳೆದುಹೋದ' ಎಂಬ ಮಾತುಗಳು

ಕರ್ನಾಟಕವನ್ನೇ ನೇರವಾಗಿ ವಸ್ತುವಾಗಿಸಿಕೊಂಡ ಆಟವೊಂದುಂಟು. ಅಮೆರಿಕದ ನಾಟಿ ಡಾಗ್ ಸಂಸ್ಥೆಯ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' 2017ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಇದು ಸ್ವತಂತ್ರ ಆಟವಲ್ಲ, ಸೋನಿಯಂತಹ ದೊಡ್ಡ ಸಂಸ್ಥೆಯ ಉತ್ಪನ್ನ. ಆದರೂ ಚಿಕ್ಕವರು ಅನುಕರಿಸುವುದು ದೊಡ್ಡವರನ್ನೇ ಆದುದರಿಂದ ಇದರ ಪರಿಶೀಲನೆ ಅಪ್ರಸ್ತುತವಾಗದು. ಪಶ್ಚಿಮಘಟ್ಟದ ಕಾಡಿನಲ್ಲಿ ಹೊಯ್ಸಳರ ಕಾಲದ ಗಣೇಶನ ದಂತವನ್ನು ಇಬ್ಬರು ಸಾಹಸಿ ಮಹಿಳೆಯರು ಹುಡುಕುವುದು ಇದರ ಕಥೆ. ಹಳೇಬೀಡು, ಬೇಲೂರು ಎಂಬ ಹೆಸರುಗಳು ಆಟದಲ್ಲಿ ಬರುತ್ತವೆ, ಆದರೆ ಕಾಡು ಮುಚ್ಚಿದ, ಜನರಿಲ್ಲದ ಪಾಳುನಗರಗಳಾಗಿ. ವಾಸ್ತವದಲ್ಲಿ ಬೇಲೂರಿನ ಚೆನ್ನಕೇಶವನಿಗೆ ನಿತ್ಯಪೂಜೆ ನಡೆಯುತ್ತಿದೆ. ಹಾಸನ ಜಿಲ್ಲೆಯ ಈ ಎರಡೂ ಊರುಗಳಿಗೆ ದಿನವೂ ಬಸ್ಸುಗಳು ಹೋಗುತ್ತವೆ. ಶೀರ್ಷಿಕೆಯ 'ಲಾಸ್ಟ್' ಎಂಬ ಮಾತಿಗೆ ತಕ್ಕಂತೆ ಊರನ್ನೇ ಬರಿದು ಮಾಡಲಾಗಿದೆ. ಕಥೆಗಾಗಿ ಇಂತಹ ಸ್ವಾತಂತ್ರ್ಯ ತೆಗೆದುಕೊಳ್ಳಬಹುದು. ಆದರೆ ಯಾರಿಗೆ ಕಳೆದುಹೋದದ್ದು ಎಂಬ ಪ್ರಶ್ನೆ ಉಳಿಯುತ್ತದೆ.

ಗಂಗಾವತಿ ತಾಲ್ಲೂಕಿಗೆ ಈ ಪ್ರಶ್ನೆ ಹೊಸದಲ್ಲ. ರಾಬರ್ಟ್ ಸೆವೆಲ್ ವಿಜಯನಗರದ ಚರಿತ್ರೆಯನ್ನು 1900ರಲ್ಲಿ ಪ್ರಕಟಿಸಿದಾಗ ಅದಕ್ಕಿಟ್ಟ ಹೆಸರಿನ ಅರ್ಥ ಮರೆತುಹೋದ ಸಾಮ್ರಾಜ್ಯ ಎಂದು. ಇಂಗ್ಲಿಷ್ ಓದುಗನಿಗೆ ಅದು ಮರೆತದ್ದೇ ಆಗಿರಬಹುದು. ತುಂಗಭದ್ರೆಯ ಈ ದಡದ ಆನೆಗೊಂದಿಯ ಜನರಿಗಾಗಲಿ, ಆ ದಡದ ವಿರೂಪಾಕ್ಷನಿಗೆ ನಡೆದುಕೊಳ್ಳುವ ಭಕ್ತರಿಗಾಗಲಿ ಅದು ಎಂದೂ ಮರೆತಿರಲಿಲ್ಲ. ಸೆವೆಲ್‌ನ ವಿದ್ವತ್ತಿಗೆ ಕನ್ನಡ ಇತಿಹಾಸಸಂಶೋಧನೆ ಋಣಿಯಾಗಿದೆ. ಆದರೆ ಆ ಶೀರ್ಷಿಕೆ ಒಂದು ಯಶಸ್ವಿ ಪ್ರಚಾರವಾಕ್ಯವೆಂಬುದನ್ನೂ ಒಪ್ಪಬೇಕು. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆಯೂ ಪ್ರವಾಸದ ಜಾಹೀರಾತುಗಳಲ್ಲಿ ಅದೇ ಧ್ವನಿ ಕೇಳಿಬರುತ್ತದೆ. ಈ ಸೀಮೆಯನ್ನು ಕುರಿತು ನಾಳೆ ಬರಬಹುದಾದ ಆಟದ ಅಂಗಡಿಚಿತ್ರದಲ್ಲಿ ಮುರಿದ ಕಂಬ, ಬಳ್ಳಿ, ಮಂಜು ಮಾತ್ರ ಇದ್ದು ಭತ್ತದ ಗದ್ದೆ, ಬಾಳೆತೋಟ, ಹರಿಗೋಲು ಇಲ್ಲದೆ ಹೋದರೆ ಅದಕ್ಕೆ ಕಾರಣ ಈ ಹಳೆಯ ಮಾತಿನ ರೂಢಿಯೇ ಆಗಿರುತ್ತದೆ.

ಇದೇ ತಾಲ್ಲೂಕಿನ ಅಂಜನಾದ್ರಿಯನ್ನು ಜನ ಹನುಮನ ಜನ್ಮಸ್ಥಳವೆಂದು ನಂಬುತ್ತಾರೆ, ಸುತ್ತಲಿನ ನೆಲವನ್ನು ಕಿಷ್ಕಿಂಧೆಯೆಂದು ಕರೆಯುತ್ತಾರೆ. 2009ರಲ್ಲಿ ಹೈದರಾಬಾದಿನ ಅರೋನ ಟೆಕ್ನಾಲಜೀಸ್ ರೂಪಿಸಿದ 'ಹನುಮಾನ್: ಬಾಯ್ ವಾರಿಯರ್' ಎಂಬ ಆಟ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಬಂದಾಗ, ದೇವರನ್ನು ಗುಂಡಿ ಒತ್ತಿ ಆಡಿಸುವುದು ಸಲ್ಲದೆಂಬ ಆಕ್ಷೇಪ ಅಮೆರಿಕದಿಂದ ಕೇಳಿಬಂದಿತು. ತೊಗಲುಗೊಂಬೆಯ ಪರಂಪರೆಯಿಂದ ನೋಡಿದರೆ ಆಡಿಸುವುದೇ ಅಪಚಾರವೆನ್ನಲಾಗದು. ಅಲ್ಲಿಯೂ ಹನುಮಂತ ಕಲಾವಿದನ ಕೈಯಲ್ಲಿ ಹಾರುತ್ತಾನೆ, ಹೊಡೆದಾಡುತ್ತಾನೆ, ನಗಿಸುತ್ತಾನೆ. ಆದರೆ ಆಟಕ್ಕೆ ಮೊದಲು ಗಣಪತಿ, ಶಾರದೆಯರ ಸ್ತುತಿಯಿದೆ; ಕಿಳ್ಳೇಕ್ಯಾತ, ಬಂಗಾರಕ್ಕರ ಹಾಸ್ಯ ಪವಿತ್ರಕ್ಕೂ ಲೌಕಿಕಕ್ಕೂ ನಡುವೆ ಸೇತುವೆ ಕಟ್ಟುತ್ತದೆ. ನೋಡುಗನನ್ನು ಹದಗೊಳಿಸುವ ಈ ನಾಂದಿಯೇ ಅಂಗಡಿಮುಖದಲ್ಲಿ ಇಲ್ಲದಿರುವುದು. 'ಹುಡುಗ ಯೋಧ' ಎಂಬ ಶೀರ್ಷಿಕೆ ದೈವವನ್ನು ನೇರವಾಗಿ ಸಾಹಸಿಯರ ಸಾಲಿನಲ್ಲಿ ನಿಲ್ಲಿಸಿತು. ಪ್ರಚಾರದ ಮಾತು ನಾಂದಿಯ ಕೆಲಸವನ್ನೂ ಮಾಡಬೇಕಾಗುತ್ತದೆಂಬುದನ್ನು ಈ ಪ್ರಸಂಗ ತೋರಿಸಿಕೊಡುತ್ತದೆ.

4. ಹೆಸರುಗಳ ಪ್ರಶ್ನೆ

ಹಳ್ಳಿಯ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಚಿತ್ರಕ್ಕಿಂತಲೂ, ಪ್ರಶಂಸೆಗಿಂತಲೂ ಹೆಚ್ಚು ಜಾಗ ಪಡೆಯುವುದು ಹೆಸರುಗಳು. ಕವಿ, ಪೇಟಿ ಮಾಸ್ತರ, ತಬಲಾ, ಪಾತ್ರಧಾರಿಗಳು, ಹೊರಊರಿನಿಂದ ಬರುವ ನಟಿಯರು, ಪರದೆಗಳನ್ನು ಬಾಡಿಗೆಗೆ ಕೊಟ್ಟ ಡ್ರಾಮಾ ಸೀನ್ಸ್‌ನವರು, ಅಧ್ಯಕ್ಷತೆ ವಹಿಸುವವರು, ಧನಸಹಾಯ ಮಾಡಿದವರು ಎಲ್ಲರೂ ಅಲ್ಲಿರುತ್ತಾರೆ. ಸೌಂದರ್ಯದೃಷ್ಟಿಯಿಂದ ಇದು ಗಿಜಿಗಿಜಿ ಎನಿಸಬಹುದು. ಆದರೆ ಕೃತಿ ಯಾರ ಶ್ರಮದಿಂದ ಆಯಿತೆಂಬುದನ್ನು ಮುಚ್ಚಿಡದ ಪ್ರಾಮಾಣಿಕತೆ ಅದರಲ್ಲಿದೆ. ಊರಿನವರು ನಾಟಕಕ್ಕೆ ಬರುವುದು ಕಥೆಗಾಗಿ ಮಾತ್ರವಲ್ಲ, ಆ ಹೆಸರುಗಳಿಗಾಗಿ.

ಆಟದ ಅಂಗಡಿಪುಟದಲ್ಲಿ ನಿರ್ಮಾಣಸಂಸ್ಥೆ ಮತ್ತು ಪ್ರಕಾಶನಸಂಸ್ಥೆ ಎಂಬ ಎರಡೇ ಹೆಸರುಗಳಿಗೆ ಖಾಯಂ ಸ್ಥಾನ. ಪಾರಂಪರಿಕ ಕಲೆಯೊಂದರ ಶೈಲಿಯನ್ನು ಬಳಸಿದಾಗ ಆ ಕಲೆಯ ಹೆಸರು, ಊರು, ಸಮುದಾಯಗಳನ್ನು ಹೇಳುವ ಕಟ್ಟುಪಾಡಿಲ್ಲ. 'ಜನಪದ ಶೈಲಿ', 'ಭಾರತೀಯ ನೆರಳುಗೊಂಬೆ' ಎಂದರೆ ಮುಗಿಯಿತು. ಇದರ ಪರಿಣಾಮ ಕಡಿಮೆಯದಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಘೋಷಣೆಯಾಯಿತು. ಜೀವಮಾನವಿಡೀ ಗೊಂಬೆ ಆಡಿಸಿದವರ ಹೆಸರು ನಾಡಿಗೆ ತಿಳಿಯಲು ಅಷ್ಟು ಕಾಲ ಬೇಕಾಯಿತೆಂಬುದು ಗಮನಿಸಬೇಕಾದ ಸಂಗತಿ. ಶೈಲಿ ಬೇಗ ಪ್ರಯಾಣ ಮಾಡುತ್ತದೆ, ಹೆಸರು ಹಿಂದೆ ಉಳಿಯುತ್ತದೆ. ಕಿನ್ನಾಳದ ಕಲೆ ಭೌಗೋಳಿಕ ಗುರುತು ಪಡೆದಿದ್ದರೂ ಆ ರಕ್ಷಣೆ ವಸ್ತುವಿಗೆ ಸಂಬಂಧಿಸಿದ್ದು. ಪರದೆಯ ಮೇಲೆ ಮೂಡುವ ಕಿನ್ನಾಳದ ಕಣ್ಣು, ಕಿನ್ನಾಳದ ಒಡವೆಗಳ ಬಗೆಗೆ ಲೋಕದ ಶಿಷ್ಟಾಚಾರವೇ ಕಾವಲು. ಇದೇ ಜಿಲ್ಲೆಯ ಭಾನಾಪುರದ ಬಳಿ ಸುಮಾರು 400 ಎಕರೆಯಲ್ಲಿ ಆಟಿಕೆ ಉದ್ಯಮಗಳ ಸಮೂಹಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಆಟಿಕೆಯ ಊರೆಂಬ ಹೆಸರು ಕೈಕಸಬಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಪರದೆಗೆ ಸಾಗುವಾಗ ಮೊದಲಿನವರ ಹೆಸರು ಜೊತೆಗೆ ಬರುತ್ತದೆಯೆ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ.

ಕೃತಕ ಬುದ್ಧಿಮತ್ತೆಯಿಂದ ಚಿತ್ರ ತೆಗೆಯುವ ವಿಧಾನ ಬಂದ ಮೇಲೆ ಈ ಪ್ರಶ್ನೆ ತೀವ್ರವಾಗಿದೆ. ಅಂತಹ ಸಾಮಗ್ರಿಯ ಬಳಕೆಯನ್ನು ನಿರ್ಮಾಪಕರು ತಿಳಿಸಬೇಕೆಂಬ ಕ್ರಮವನ್ನು ಸ್ಟೀಮ್ 2024ರ ಜನವರಿಯಲ್ಲಿ ಪ್ರಕಟಿಸಿತು. ಯಂತ್ರ ತೆಗೆದ 'ನೆರಳುಗೊಂಬೆ' ಚಿತ್ರದಲ್ಲಿ ಬೆಳಕು ಎಲ್ಲಿ ತೂರಬೇಕೆಂದು ಯಾರೂ ನಿರ್ಧರಿಸಿರುವುದಿಲ್ಲ. ರಂಧ್ರಗಳಿರುತ್ತವೆ, ಆದರೆ ಅವು ಒಡವೆಯ ಅಂಚನ್ನು ಅನುಸರಿಸುವುದಿಲ್ಲ. ಆಂಧ್ರದ ಕಿರೀಟ, ಜಾವಾದ ತೋಳು, ಕನ್ನಡದ ಕಣ್ಣುಗಳು ಒಂದೇ ಮೈಮೇಲೆ ಕೂಡಿಕೊಳ್ಳುತ್ತವೆ. ಹಣವಿಲ್ಲದ ನಿರ್ಮಾಪಕನಿಗೆ ಈ ದಾರಿ ಸುಲಭವೆಂಬುದು ನಿಜ. ಆದರೆ ಕುಶಲಕರ್ಮಿಯೊಬ್ಬರಿಂದ ಒಂದೇ ಒಂದು ಗೊಂಬೆ ಮಾಡಿಸಿ, ಬೆಳಕಿಗೆ ಹಿಡಿದು, ಛಾಯಾಚಿತ್ರ ತೆಗೆದು, ಹೆಸರು ಹಾಕಿದರೆ ಆಗುವ ವೆಚ್ಚ ದೊಡ್ಡದಲ್ಲ. ಅದರಿಂದ ದೊರೆಯುವ ಗುರುತು ಮತ್ತಾರಿಗೂ ದೊರೆಯದು.

5. ಒಂದು ಉದಾಹರಣೆ: ಕುಮಾರರಾಮ

ಮೇಲಿನ ಅಳತೆಗೋಲುಗಳನ್ನು ಒಂದು ಕಲ್ಪಿತ ಸಂದರ್ಭಕ್ಕೆ ಅನ್ವಯಿಸಿ ನೋಡಬಹುದು. ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗ ಕುಮಾರರಾಮನ ಕಥೆಯ ನೆಲೆ. ಕಂಪಿಲರಾಯನ ಮಗನಾದ ಇವನ ಕಥೆ ಸಾಂಗತ್ಯಗಳಲ್ಲಿ, ಜನಪದ ಹಾಡುಗಳಲ್ಲಿ, ಆಟಗಳಲ್ಲಿ ಹಬ್ಬಿದೆ. ಮಲತಾಯಿ ರತ್ನಾಜಿಯ ಮೋಹವನ್ನು ಅವನು ನಿರಾಕರಿಸುತ್ತಾನೆ; ಅವಳ ಸುಳ್ಳನ್ನು ನಂಬಿದ ತಂದೆ ಮಗನ ತಲೆ ತರಲು ಆಜ್ಞಾಪಿಸುತ್ತಾನೆ; ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ; ದೆಹಲಿಯ ಸೈನ್ಯ ಮುತ್ತಿದಾಗ ಸತ್ತನೆಂದು ತಿಳಿದವನು ಹೊರಬಂದು ಹೋರಾಡಿ ಮಡಿಯುತ್ತಾನೆ.

ಇದನ್ನು ಆಟವಾಗಿಸಿದರೆ ಅಂಗಡಿಯ ರೂಢಿ ಬೇಡುವುದು ಕತ್ತಿ ಎತ್ತಿದ ಯುವಕ, ಹಿಂದೆ ಉರಿಯುವ ಕೋಟೆ, ಕೆಳಗೆ 'ಮರೆತುಹೋದ ರಾಜಕುಮಾರ' ಎಂಬ ಉಪಶೀರ್ಷಿಕೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕುಮಾರರಾಮನೂ ಇಲ್ಲ. ಕತ್ತಿ ಎತ್ತಿದ ಯುವಕ ಯಾವ ನಾಡಿನವನಾದರೂ ಆಗಬಹುದು. ದೃಶ್ಯಗೊಂಬೆಯ ಕ್ರಮ ಅನುಸರಿಸಿದರೆ ಚಿತ್ರ ಬೇರೆಯಾಗುತ್ತದೆ. ಮೇಲೆ ಸಿಂಹಾಸನದಲ್ಲಿ ತಂದೆ, ಅವನ ಮುಂದೆ ತಟ್ಟೆ ಹಿಡಿದು ಬಾಗಿದ ಮಂತ್ರಿ, ನೆಲದ ಗೆರೆಯ ಕೆಳಗೆ ಕತ್ತಲಲ್ಲಿ ಕುಳಿತ ಮಗ. ಬೆಳಕು ತೂರುವುದು ಅವನ ಒಂದು ಕಣ್ಣಿನಲ್ಲಿ ಮಾತ್ರ. ಮೂರು ಆಕೃತಿ, ಒಂದು ಗೆರೆ. 231 ಚುಕ್ಕಿಗಳ ಅಗಲದಲ್ಲೂ ಇದು ಕಾಣುತ್ತದೆ.

ಮಾತೂ ಹಾಗೆಯೇ. ಶೌರ್ಯ, ತ್ಯಾಗ, ಅದ್ಭುತ, ರೋಮಾಂಚಕ ಎಂಬ ವಿಶೇಷಣಗಳನ್ನು ತೆಗೆದು ಹೀಗೆ ಬರೆಯಬಹುದು: ಕುಮ್ಮಟದುರ್ಗ, 1327. ಮಲತಾಯಿಯ ಸುಳ್ಳನ್ನು ನಂಬಿ ತಂದೆ ನಿನ್ನ ತಲೆ ಕೇಳಿದ್ದಾನೆ. ಮಂತ್ರಿ ಬೇರೊಂದು ತಲೆ ತೋರಿಸಿ ನಿನ್ನನ್ನು ನೆಲಮಾಳಿಗೆಯಲ್ಲಿ ಮುಚ್ಚಿಟ್ಟಿದ್ದಾನೆ. ಊರು ನಿನಗಾಗಿ ಅತ್ತು ಮುಗಿಸಿದೆ. ಈಗ ದೆಹಲಿಯ ದಂಡು ಬಾಗಿಲಿಗೆ ಬಂದಿದೆ. ಇಷ್ಟು ಮುನ್ನೂರು ಅಕ್ಷರಗಳ ಒಳಗೇ ಹಿಡಿಯುತ್ತದೆ. ಸ್ಥಳವಿದೆ, ಕಾಲವಿದೆ, ಆಡುವವನು ಯಾರೆಂಬುದಿದೆ, ಅವನ ಮುಂದಿನ ಇಕ್ಕಟ್ಟಿದೆ. ಹೊಗಳಿಕೆಯ ಒಂದು ಪದವೂ ಇಲ್ಲ. ಇದರ ಕೆಳಗೆ ಗೊಂಬೆ ಮಾಡಿದವರ ಹೆಸರು, ಊರು, ಹಾಡಿದವರ ಹೆಸರುಗಳು ಹ್ಯಾಂಡ್‌ಬಿಲ್ಲಿನ ಕ್ರಮದಲ್ಲಿ ಬರಬೇಕು.

ಕವಿರಾಜಮಾರ್ಗ ಕನ್ನಡದ ತಿರುಳೆಂದು ಎಣಿಸಿದ ಪ್ರದೇಶದ ಎಲ್ಲೆಗಳಲ್ಲಿ ಕೊಪಣ ಒಂದು. ಅದು ಇಂದಿನ ಕೊಪ್ಪಳವೆಂಬುದು ವಿದ್ವಾಂಸರ ಅಭಿಪ್ರಾಯ. ಅಂತಹ ನೆಲದ ಕಥೆಗೆ ಬರೆಯುವ ಕಿರುವಿವರಣೆ ಮೊದಲು ಕನ್ನಡದಲ್ಲಿ ರೂಪುಗೊಂಡು ಅನಂತರ ಇತರ ಭಾಷೆಗಳಿಗೆ ಹೋಗುವುದು ಯುಕ್ತ. ಇದು ಅಭಿಮಾನದ ಮಾತಷ್ಟೇ ಅಲ್ಲ. ಇಂಗ್ಲಿಷಿನಲ್ಲಿ ಮೊದಲು ಬರೆದಾಗ 'ಪ್ರಾಚೀನ', 'ಮರೆತ', 'ಕಳೆದ' ಎಂಬ ಪದಗಳು ತಾವಾಗಿಯೇ ಬಂದು ಕೂರುತ್ತವೆ. ಕನ್ನಡದಲ್ಲಿ ಬರೆದಾಗ ಅವುಗಳ ಅಸಂಬದ್ಧತೆ ಬರೆಯುವವನಿಗೇ ಹೊಳೆಯುತ್ತದೆ. ಪಕ್ಕದ ಊರನ್ನು ಕಳೆದುಹೋದ ನಗರವೆಂದು ಕರೆಯಲು ಕನ್ನಡದ ಬಾಯಿ ಏಳುವುದಿಲ್ಲ.

ಒಟ್ಟಿನಲ್ಲಿ ಅಂಗಡಿಮುಖದ ಚಿತ್ರ ಮತ್ತು ಮಾತುಗಳನ್ನು ಕೇವಲ ವ್ಯಾಪಾರದ ಉಪಕರಣವೆಂದು ವಿಮರ್ಶೆ ಕಡೆಗಣಿಸುವಂತಿಲ್ಲ. ದೂರದಿಂದ ಗುರುತು ಸಿಗುತ್ತದೆಯೆ, ಒಳಗಿನದನ್ನೇ ಹೊರಗೆ ಹೇಳುತ್ತದೆಯೆ, ಬದುಕಿರುವ ಊರನ್ನು ಬದುಕಿರುವಂತೆ ತೋರಿಸುತ್ತದೆಯೆ, ದುಡಿದವರ ಹೆಸರನ್ನು ಹೇಳುತ್ತದೆಯೆ ಎಂಬ ನಾಲ್ಕು ಪ್ರಶ್ನೆಗಳನ್ನು ಮೋರನಾಳ, ಕಿನ್ನಾಳಗಳ ಕಸಬುದಾರರೂ ಹಳ್ಳಿಯ ನಾಟಕದವರೂ ತಮ್ಮ ಕೆಲಸದಲ್ಲಿಯೇ ಕೇಳಿಕೊಂಡು ಬಂದಿದ್ದಾರೆ. ಹೊಸ ಮಾಧ್ಯಮಕ್ಕೆ ಈ ಪ್ರಶ್ನೆಗಳು ಹೊರಗಿನವಲ್ಲ. ಪರದೆ ಬದಲಾಗಿದೆ, ಪರದೆಯ ಹಿಂದೆ ದೀಪ ಹಿಡಿದವನ ಹೊಣೆ ಬದಲಾಗಿಲ್ಲ.